ಪಾಠದಲ್ಲಿ ಇಲ್ಲದ ನಡೆ

ಚೆಸ್ ಆಡುವಾಗ ನನ್ನ ಮಗಳು ನಗುತ್ತಿದ್ದಳು. ಆ ನಗುವನ್ನು ಕಿತ್ತುಕೊಂಡವರನ್ನು ನೆನೆದರೆ ಮೈ ಉರಿಯುತ್ತದೆ.

ನಮ್ಮದು ಹೊಲಿಗೆ ಅಂಗಡಿ. ಬಟ್ಟೆ ಕತ್ತರಿಸುವ ಮೇಜಿನ ಮೂಲೆಯಲ್ಲೇ ತಾಯಿ-ಮಗಳ ಆಟ. ಕಳೆದುಹೋದ ಒಂದು ಪದಾತಿಯ ಜಾಗದಲ್ಲಿ ಕೋಟಿನ ಗುಂಡಿ. ನನ್ನ ಆನೆಯನ್ನು ಹೊಡೆದರೆ ಸಾಕು, "ಅಯ್ಯೋ ಪಾಪ ಅಮ್ಮಾ!" ಎಂದು ಕುಣಿಯುತ್ತಿದ್ದಳು. ಆಸೆಪಟ್ಟಳೆಂದು ತರಬೇತಿಗೆ ಸೇರಿಸಿದೆ. ಕಾಯಿ ನಡೆಸಲು ಆಗಷ್ಟೇ ಕಲಿತ ಮಕ್ಕಳಿಗೆ ಆ ಕೋಚ್ ಮಹಾಶಯರು ಆಟದ ಮೊದಲ ನಡೆಗಳನ್ನೆಲ್ಲ ಮಗ್ಗಿಯ ಹಾಗೆ ಉರು ಹೊಡೆಸಿದರು. ಯಾಕೆ ಎಂದರೆ "ದೊಡ್ಡ ಆಟಗಾರರು ಹೀಗೇ ಆಡೋದು" ಅಂತೆ. ಹಲ್ಲುಜ್ಜುವಾಗಲೂ ಮಗಳದು ಅದೇ ಗಿಳಿಪಾಠ.

ನಿನ್ನೆ ಅವಳ ಮೊದಲ ಪಂದ್ಯ. ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ಎದುರಿನ ಹುಡುಗಿ ಮೂರನೇ ನಡೆಗೇ ಒಂಟೆಯನ್ನು ಓರೆಯಾಗಿ ತಂದು ಮಗಳ ರಾಣಿಗೆ ಗುರಿಯಿಟ್ಟಳು. ನಡುವೆ ಅಡ್ಡವಿದ್ದದ್ದು ಮಗಳದೇ ಕುದುರೆ. ಆದರೆ ಪಾಠದ ಪ್ರಕಾರ ಮುಂದಿನ ನಡೆ ಕುದುರೆಯದು! ಮಗಳು ಒಂಟೆಯ ಕಡೆ ಕಣ್ಣೆತ್ತಿಯೂ ನೋಡದೆ ಕುದುರೆ ಎತ್ತಿಬಿಟ್ಟಳು. ರಾಣಿ ಹೋಯಿತು. ಆಟವೂ ಹೋಯಿತು.

ಕೋಚ್ ನಕ್ಕರು. "ಬೇಜಾರು ಮಾಡ್ಕೋಬೇಡಿ ಮೇಡಂ. ನಿಮ್ಮ ಮಗಳು ಸರಿಯಾಗೇ ಆಡಿದ್ಲು. ಆ ಹುಡುಗೀನೇ ಪಾಠ ಬಿಟ್ಟು ಆಡಿದ್ದು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

"ಅಲ್ಲಾ ಸರ್, ಆ ಹುಡುಗಿ ನಿಮ್ಮ ಹತ್ರ ಪಾಠಕ್ಕೆ ಬಂದಿದ್ಲಾ?" ಎಂದೆ. "ಎದುರಿಗಿರೋರ ಅಳತೆ ತೆಗೀದೆ ಬಟ್ಟೆ ಕತ್ತರಿಸಿದ್ರೆ ನಮ್ಮ ಅಂಗಡಿಗೆ ಯಾರಾದ್ರೂ ಬರ್ತಾರಾ? ಮಕ್ಕಳಿಗೆ ಮೊದಲು ಕಣ್ಣು ಬಿಟ್ಟು ನೋಡೋದು ಕಲಿಸಿ. ನಿಮ್ಮ ಪುಸ್ತಕದ ಬದನೇಕಾಯಿ ಆಮೇಲೆ!"

ಅವರು ಗಡಿಯಾರ ನೋಡಿಕೊಂಡರು. ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ತಿರುಗಿಸಿ, "ನಂಗೆ ತಲೆ ಇಲ್ಲಮ್ಮಾ. ಇನ್ಮೇಲೆ ಆಡಲ್ಲ" ಎಂದಳು.

ಇವತ್ತು ಅಂಗಡಿಯ ಮೇಜಿನ ಮೇಲೆ ಬೇಕೆಂದೇ ಕಾಯಿ ಜೋಡಿಸಿದೆ. ಒಲ್ಲೆ ಒಲ್ಲೆ ಎನ್ನುತ್ತಲೇ ಬಂದು ಕೂತಳು. ನಾನು ಅಂಚಿನ ಪದಾತಿಯನ್ನು ಎರಡು ಮನೆ ಮುಂದಿಟ್ಟೆ.

"ಇದಕ್ಕೆ ಏನಾಡ್ಬೇಕು ಅಂತ ಸರ್ ಹೇಳ್ಕೊಟ್ಟಿಲ್ಲ."

"ಹೇಳ್ಕೊಟ್ಟಿಲ್ಲ ಅಂತಲೇ ಇಟ್ಟಿದ್ದು ಕಣೇ. ಆಡು."

ಅವಳ ಕೈ ಗುಂಡಿಯವರೆಗೆ ಬಂದು ನಿಂತಿತು. ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಮ್ಮಾ, ನಾನೇ ಯೋಚ್ನೆ ಮಾಡ್ಬಹುದಾ?"