ಶಹಜಾದಬಿಯ ಮೊಸರಿನ ನೀರು

ರಾಯಬಾಗದಲ್ಲಿ ಬೇಕರಿ ಇಟ್ಟುಕೊಂಡಿದ್ದ ಬಂದಗಿಸಾಬನಿಗೆ ಆ ಮಳೆಗಾಲ ತಲೆ ಎತ್ತಿ ತಿರುಗಾಡಲಾಗದ ಹಾಗಾಗಿತ್ತು. ಅವನು ಸುಡುವ ಪಾವು ಬ್ರೆಡ್ಡಿಗೆ ಎರಡೇ ದಿನಕ್ಕೆ ಹಸಿರು ಬೂಸ್ಟು ಹಿಡಿಯುತ್ತಿತ್ತು. ಚಿಂಚಲಿಯ ಅಂಗಡಿಯವರು ಇಡೀ ಟ್ರೇ ವಾಪಸು ಕಳಿಸಿದ ದಿನ ಅದನ್ನು ತಂದು ಮನೆಯ ಹಿತ್ತಲಲ್ಲಿ ಕುಕ್ಕಿದ.

ಹೆಂಡತಿ ಶಹಜಾದಬಿ ಅಲ್ಲೇ ಎಮ್ಮೆಯ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ್ದಳು. ಶ್ರೀಖಂಡಕ್ಕೆಂದು ಕೇಳಿದವರಿಗೆ ನೀರಿಳಿದ ಗಟ್ಟಿ ಮೊಸರು, ಚಕ್ಕಾ, ಮಾಡಿಕೊಡುವುದು ಅವಳ ರೂಢಿ. ಕೆಳಗಿನ ಬೋಗುಣಿಗೆ ಹಳದಿ ನೀರು ತೊಟ್ಟಿಕ್ಕುತ್ತಿತ್ತು.

"ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಅಂದಳು. "ನಾಕ್ ದಿನದ ಹಿಂದ ಒಂದ್ ಪಾವ ಈ ನೀರಾಗ ಬಿದ್ದಿತ್ತು. ಎಮ್ಮಿಗೆ ಹಾಕೂಣು ಅಂತ ಕಟ್ಟಿ ಮ್ಯಾಲ ಇಟ್ಟು ಮರತೆ. ಬಾಜೂಕಿನ ಪಾವಕ್ಕ ಬೂಸ್ಟ್ ಹಿಡದೈತಿ, ಇದಕ್ಕಿಲ್ಲ. ನೀವ ನೋಡ್ರಿ."

ನೋಡಿದ, ನಂಬಲಿಲ್ಲ. "ಇದನ್ನ ಹಿಟ್ಟಿಗೆ ಹಾಕಿದ್ರ ಹುಳಿ ಆಗ್ತೈತಿ. ಯಾರ್ ತಿಂತಾರ?"

ಅವನ ಮಾತು ಸುಳ್ಳಾಗಲಿಲ್ಲ. ಶಹಜಾದಬಿ ಹಿಟ್ಟಿಗೆ ಆ ನೀರು ಹಾಕಿ ನೋಡಿದಾಗ, ಮೊದಲ ಸಲ ಬಂದ ಪಾವು ಹುಣಸೆಹಣ್ಣಿನಂತೆ ಹುಳಿ. ಎರಡನೆಯ ಸಲ ಉಬ್ಬಲೇ ಇಲ್ಲ. ಅವಳು ನೀರಿನ ಅಳತೆ ತಗ್ಗಿಸಿದಳು. ಒಂದಿಷ್ಟು ಮೈದಾವನ್ನು ಆ ನೀರಲ್ಲಿ ಬೆಳಿಗ್ಗೆಯೇ ಕಲಸಿ, ಸಂಜೆ ಉಳಿದ ಹಿಟ್ಟಿಗೆ ಸೇರಿಸಿ ನಾದಿದಳು. ಬೆಂದ ಪಾವನ್ನು ಕಿಟಕಿಯ ಹಲಗೆಯ ಮೇಲಿಟ್ಟು, ಪಕ್ಕದಲ್ಲಿ ಸೀಮೆಸುಣ್ಣದಿಂದ ವಾರದ ಹೆಸರು ಬರೆದಳು. ಬಂದಗಿಸಾಬ ಕಂಡೂ ಕಾಣದವನಂತಿದ್ದ. ಆದರೆ ಬೆಳಿಗ್ಗೆ ಎದ್ದರೆ ಅವನ ಕಾಲು ಮೊದಲು ಹೋಗುತ್ತಿದ್ದುದು ಆ ಕಿಟಕಿಯ ಹತ್ತಿರವೇ. ಐದನೆಯ ದಿನವೂ ಪಾವು ಚೊಕ್ಕವಾಗಿತ್ತು.

ಪಾವು ಒಯ್ಯಲು ಬರುತ್ತಿದ್ದ ಕಾಲೇಜಿನ ಜೀವಶಾಸ್ತ್ರದ ಮೇಡಂ ಶುಭಾಂಗಿ ಈ ಸುದ್ದಿ ಕೇಳಿ ಒಂದು ಶೀಸೆ ನೀರು ಒಯ್ದರು. ವಾರದ ಮೇಲೆ ಗಾಜಿನ ತಟ್ಟೆಯೊಂದನ್ನು ಹಿಡಿದು ಬಂದರು. ತಟ್ಟೆ ತುಂಬ ಬೂಸ್ಟು ಹಬ್ಬಿತ್ತು. ನೀರಿನ ಹನಿ ಇಟ್ಟ ಜಾಗದ ಸುತ್ತ ಮಾತ್ರ ಒಂದು ಎಳೆಯೂ ಬೆಳೆದಿರಲಿಲ್ಲ.

"ಚಾಚಿ, ಮೊಸರಿನ್ಯಾಗಿನ ಜೀವಾಣು ಹುಳಿ ಮಾಡ್ತಾವು. ಆ ಹುಳಿ, ಅವು ಬಿಡೋ ಇನ್ನೂ ಕೆಲವು ಪದಾರ್ಥ, ಎಲ್ಲಾ ಕೂಡಿ ಬೂಸ್ಟ್ ಬೆಳ್ಯಾಕ ಬಿಡೂದಿಲ್ಲ."

"ಎಲ್ಲಾ ಮೊಸರೂ ಹಿಂಗ ಮಾಡ್ತಾವೇನ್ರಿ?" ಶಹಜಾದಬಿ ಕೇಳಿದಳು.

"ಇಲ್ರಿ. ಒಂದೊಂದ್ ಹೆಪ್ಪಿನ ಗುಣ ಒಂದೊಂದು."

ಆ ಮಾತು ಬಂದಗಿಸಾಬನ ಕಿವಿಗೆ ಬಿದ್ದರೂ ತಲೆಗೆ ಇಳಿಯಲಿಲ್ಲ. ಶಹಜಾದಬಿ ತಂಗಿಯ ಮಗಳ ನಿಕಾಹಕ್ಕೆಂದು ತವರೂರು ತೆಲಸಂಗಕ್ಕೆ ಹೋದಾಗ, ಮನೆಯ ಮೊಸರು ಮುಗಿದಿತ್ತು. ಅವನು ಪೇಟೆಯ ಮೊಸರು ತಂದು ಬಟ್ಟೆಯಲ್ಲಿ ಕಟ್ಟಿ, ಇಳಿದ ನೀರನ್ನು ಅದೇ ಅಳತೆಯಲ್ಲಿ ಹಿಟ್ಟಿಗೆ ಬೆರೆಸಿದ. ಮೂರನೆಯ ದಿನಕ್ಕೆ ಪಾವಿನ ಮೇಲೆ ಹಸಿರು ಚುಕ್ಕೆಗಳು ಕಾಣಿಸಿಕೊಂಡವು. ಗಾಬರಿಯಾಗಿ ಫೋನು ಮಾಡಿದ.

"ನಮ್ಮ ಹೆಪ್ಪ ಹಾಕಿದ್ರೇನು?" ಅವಳು ಕೇಳಿದಳು.

"ಎಲ್ಲೈತಿ? ಗಡಗಿ ನೀನ ತೊಳದಿಟ್ಟಿ."

"ಬಾಜೂಕಿನ ನೀಲಮಕ್ಕನ ಮನ್ಯಾಗೈತ್ರಿ. ನೀವು ಮರೀತೀರಂತ ಗೊತ್ತಿತ್ತು, ಅದಕ್ಕ ಅಕಿ ಕಡೆ ದಿನಾ ಹೆಪ್ಪ ಹಾಕಸಾಕತ್ತೇನಿ. ನಮ್ಮವ್ವ ಕೊಟ್ಟದ್ದದು, ಮುಗದ್ರ ಮತ್ತ ಸಿಗಾಂಗಿಲ್ಲ."

ಬಂದಗಿಸಾಬ ಇಪ್ಪತ್ತೆರಡು ವರ್ಷ ಆ ಮೊಸರನ್ನು ಉಂಡಿದ್ದ. ಒಂದು ದಿನವೂ ಅದು ಎಲ್ಲಿಂದ ಬಂತೆಂದು ಕೇಳಿರಲಿಲ್ಲ.

ಅವಳು ತಿರುಗಿ ಬಂದ ಮೇಲೆ ಅಂಗಡಿಗಳಿಗೆ ಪಾವು ಮತ್ತೆ ಹೋಗತೊಡಗಿತು. ಆರನೆಯ ದಿನ ಬೂಸ್ಟು ಬಂದೇ ಬರುತ್ತದೆ, ಐದರೊಳಗೇ ಮಾರಬೇಕೆಂದು ಎಲ್ಲರಿಗೂ ಹೇಳಿಸಿದವಳೂ ಅವಳೇ. ಚಿಂಚಲಿಯ ಅಂಗಡಿಕಾರ ರಾವಸಾಹೇಬ, "ಏನ್ ಹಾಕ್ತೀರಿ ಇದಕ್ಕ?" ಎಂದು ಕೇಳಿದ.

"ನಾ ಏನೂ ಹಾಕಾಂಗಿಲ್ಲರಿ," ಅಂದ ಬಂದಗಿಸಾಬ. "ಎಲ್ಲಾ ನಮ್ಮ ಶಹಜಾದಿ ಹಾಕ್ತಾಳ. ನಾ ಬರೇ ಭಟ್ಟಿ ಹಚ್ಚಾಂವ."