ಮೂರನೆಯ ಕೈ

“ಬಾಯಿ ಬಿಡಿ.”

“ಏನೇ?”

“ಬಿಡಿ ಅಂದ್ರೆ ಬಿಡಿ.”

ಗಂಟಣ್ಣ ಹೊಸ್ತಿಲ ಮೇಲೆ ಕೂತಿದ್ದ. ಮೊಣಕಾಲು ತರಚಿತ್ತು, ಅಂಗಿಗೆಲ್ಲ ದೋಣಿಕಟ್ಟೆಯ ಮರಳು ಮೆತ್ತಿತ್ತು. ಅವನು ಬಾಯಿ ಬಿಟ್ಟ. ಹೆಂಡತಿ ಬಗ್ಗಿ, ಹಾಲು ಕೆಟ್ಟಿದೆಯೋ ಎಂದು ನೋಡುವವಳ ಹಾಗೆ ಮೂಸಿದಳು. ಹೆಂಡದ ವಾಸನೆ ಇರಲಿಲ್ಲ. ಹಳೇ ಕೊಡದ ತಳದಲ್ಲಿ ಉಳಿದ ನೀರಿನಂಥದೊಂದು ವಾಸನೆ ಮಾತ್ರ ಇತ್ತು. ಅದು ಅವನ ವಾಸನೆಯೇ. ಮದುವೆಯಾದಾಗಿನಿಂದ ಗೊತ್ತಿದ್ದದ್ದು.

“ಕುಡ್ದಿಲ್ಲ,” ಎಂದಳು, ತನಗೇ ಹೇಳಿಕೊಂಡಂತೆ.

“ನಾನು ಹೇಳ್ಲಿಲ್ವಾ?”

“ನೀವು ಹೇಳೋದು ಇರ್ಲಿ. ದೋಣಿ ಸಾಹುಕಾರ ಹೇಳ್ತಿದಾನೆ, ಕಟ್ಟೆ ಮೇಲಿದ್ದೋರೆಲ್ಲ ಹೇಳ್ತಿದಾರೆ. ಹಾಡಹಗಲಲ್ಲಿ ನಿಂತಲ್ಲೇ ದೊಪ್ಪಂತ ಬಿದ್ರೆ ಜನ ಇನ್ನೇನು ಅಂದ್ಕೋತಾರೆ? ನೆಲಕ್ಕೆ ಮುತ್ತು ಕೊಡ್ತಿದ್ರು ಅಂತಾನಾ?”

ಅವನಿಗೆ ನಗು ಬಂತು, ಆದರೆ ನಗುವಷ್ಟು ತ್ರಾಣ ಇರಲಿಲ್ಲ.

ಅವನು ಹಾಕಿದ ಗಂಟು ಬಿಚ್ಚಿದ್ದನ್ನು ಕಂಡವರಿಲ್ಲ. ಅದಕ್ಕೇ ಆ ಹೆಸರು. ಅವನು ಹೆಣೆದ ಬಲೆಗೆ ಬಿದ್ದ ಮೀನು ತಪ್ಪಿಸಿಕೊಳ್ಳುವ ಯೋಚನೆಯನ್ನೇ ಬಿಟ್ಟು ಒಂದು ನಿದ್ದೆ ತೆಗೆಯುತ್ತದೆ ಎಂದು ಕಟ್ಟೆಯ ಮೇಲೆ ಮಾತಿತ್ತು. ಒಮ್ಮೆ ಬಲೆ ನೀರಿನಡಿಯ ಬಂಡೆಗೆ ಸಿಕ್ಕಿಕೊಂಡಾಗ ಹರಿದದ್ದು ಬಲೆಯಲ್ಲ, ಬಂಡೆಯೇ ಬುಡಸಮೇತ ಎದ್ದು ಬಂತು ಎಂದೂ ಹೇಳುತ್ತಿದ್ದರು. ಆ ಬಂಡೆಯನ್ನು ಯಾರೂ ನೋಡಿರಲಿಲ್ಲ, ಆದರೆ ನಂಬದವರೂ ಇರಲಿಲ್ಲ.

ಅಂಥ ಕೈಗೆ ಈಗ ಅಂಗಿಯ ಗುಂಡಿ ಹಾಕುವುದೂ ಆಗುತ್ತಿರಲಿಲ್ಲ. ಮೊದಲು ಶುರುವಾದದ್ದು ತಲೆಸುತ್ತು. ಕೂತಲ್ಲಿಂದ ಎದ್ದರೆ ಮನೆ ಒಂದು ಸುತ್ತು ಹೋಗಿ ಬಂದು ಮತ್ತೆ ತನ್ನ ಜಾಗದಲ್ಲಿ ನಿಲ್ಲುತ್ತಿತ್ತು. ಎರಡು ದಿನ ಸರಿಯಾಗಿರುತ್ತಿತ್ತು, ಮತ್ತೆ ಬರುತ್ತಿತ್ತು. ಆಮೇಲೆ ಕಾಲು, ಯಾರೋ ಮೂಳೆ ತೆಗೆದು ಹತ್ತಿ ತುಂಬಿದ ಹಾಗೆ. ಕೊನೆಗೆ ಬಲಗೈ. ಮುಂಗೈ ಎತ್ತಿದರೆ ಅಂಗೈ ಏಳದೆ, ಹಿಂಡಲು ಮರೆತ ಟವಲಿನಂತೆ ಮಣಿಕಟ್ಟಿನಿಂದ ಜೋತುಬೀಳುತ್ತಿತ್ತು.

ಕಾರಣ ಹೇಳುವವರಿಗೇನೂ ಬರಗಾಲವಿರಲಿಲ್ಲ. ಒಬ್ಬ ಡಾಕ್ಟರು ರಕ್ತ ಕಡಿಮೆ ಎಂದು ಕೆಂಪು ಟಾನಿಕ್ ಕೊಟ್ಟರು. ಇನ್ನೊಬ್ಬರು ಬಿಪಿ ನೋಡಿ, ಸಕ್ಕರೆ ಕಾಯಿಲೆ ನೋಡಿ, ಎರಡೂ ಇಲ್ಲವೆಂದು ಬೇಜಾರು ಮಾಡಿಕೊಂಡರು. ಮೂರನೆಯವರು ನರದ ವೀಕ್ನೆಸ್ ಎಂದು ಸೂಜಿ ಚುಚ್ಚಿದರು. ಪಕ್ಕದ ಮನೆಯ ಅಜ್ಜಿಗೆ ಎಲ್ಲ ಕಾಯಿಲೆಯೂ ಗ್ಯಾಸೇ. ಎಲ್ಲರೂ ನಾಲಗೆ ಚಾಚಿಸಿ ನೋಡಿದರು. ಚಾಚಿ ಚಾಚಿ ಅವನ ನಾಲಗೆಗೇ ಸುಸ್ತಾಯಿತು.

“ಏನೂ ಇಲ್ಲ, ಏನೂ ಇಲ್ಲ ಅಂತಾರೆ,” ಎಂದು ಅವನು ಹೆಂಡತಿಗೆ ಹೇಳಿದ್ದ. “ಏನೋ ಒಂದು ಇದೆ ಅಂದಿದ್ರೆ ಅದರ ಜೊತೆ ಜಗಳಾನಾದ್ರೂ ಆಡಬೋದಿತ್ತು.”

ಕಟ್ಟೆಯ ಮೇಲೆ ಬಿದ್ದ ಮರುದಿನ ದೋಣಿ ಸಾಹುಕಾರ ಮನೆ ಬಾಗಿಲಿಗೇ ಬಂದ. ಒಳಗೆ ಬರಲಿಲ್ಲ. ಅವನ ದೊಡ್ಡ ಬಲೆ ಅರ್ಧಕ್ಕೆ ನಿಂತು ನಡುಮನೆಯ ತುಂಬ ಹರಡಿಕೊಂಡಿತ್ತು. ಹೆಣಿಗೆ ಮುಗಿದಿತ್ತು, ಬಲೆ ಮುಳುಗಲೆಂದು ಅಂಚಿಗೆ ಸೀಸದ ಗುಂಡು ಕೂರಿಸುವುದು ಬಾಕಿ.

“ಗಂಟಣ್ಣ, ತಪ್ಪು ತಿಳ್ಕೋಬೇಡ. ನಿಂಗೆ ಆಗುತ್ತೆ ಅಂದ್ರೆ ಆಯ್ತು. ಇಲ್ಲಾಂದ್ರೆ ಇದೇ ಕೊನೇದು, ಮುಂದಿಂದು ರೆಡಿಮೇಡ್ ತರಿಸ್ತೀನಿ. ಮಿಷನ್ನಿಗೆ ತಲೆ ಸುತ್ತಲ್ಲ ನೋಡು.”

“ಆಗುತ್ತೆ,” ಎಂದವಳು ಹೆಂಡತಿ.

“ಯಾರಿಗೆ?”

“ಮನೆಗೆ.”

ಆವತ್ತಿನಿಂದ ಸೀಸದ ಕೆಲಸಕ್ಕೆ ಅವಳು ಕೂತಳು. ಗಂಟಣ್ಣ ಗೋಡೆಗೊರಗಿ ಹೇಳಿಕೊಟ್ಟ. ಕಡಲೆಕಾಳಿನಷ್ಟು ಗುಂಡು, ನಡುವೆ ಒಂದು ಸೀಳು. ಎಡಗೈಯಲ್ಲಿ ಹಗ್ಗ ಬಿಗಿಹಿಡಿಯಬೇಕು, ಬಲಗೈಯಲ್ಲಿ ನೂಲಿನ ಸೂಜಿ. ಗುಂಡುಗಳು ಒಂದು ಮುಷ್ಟಿ ಕೆನ್ನೆಯೊಳಗೆ. ನಾಲಗೆಯಿಂದ ಒಂದನ್ನು ಮುಂದಕ್ಕೆ ತಂದು, ಸೀಳಿನೊಳಗೆ ಹಗ್ಗ ಕೂರಿಸಿ, ಮುಂದಿನ ಹಲ್ಲಿನಿಂದ ಕಟಕ್ಕನೆ ಕಚ್ಚಿ ಮುಚ್ಚಬೇಕು. ಬಲೆಯವನಿಗೆ ದೇವರು ಮೂರು ಕೈ ಕೊಟ್ಟಿದ್ದಾನೆ, ಮೂರನೆಯದು ಬಾಯಿ ಎಂದು ಅವನಪ್ಪ ಹೇಳುತ್ತಿದ್ದ. ಗೋಡೆಯ ಮೊಳೆಗೆ ಒಂದು ಇಕ್ಕಳ ನೇತಾಡುತ್ತಿತ್ತು. ಹಲ್ಲಿನ ಬದಲು ಬಳಸಲೆಂದು ತಂದದ್ದು, ಯಾರೂ ಮುಟ್ಟದೆ ತುಕ್ಕು ಹಿಡಿದಿತ್ತು. ಇಕ್ಕಳ ಹಿಡಿದವನನ್ನು ಕಟ್ಟೆಯ ಮೇಲೆ ಯಾರೂ ಬಲೆಯವನೆಂದು ಒಪ್ಪುತ್ತಿರಲಿಲ್ಲ.

“ನುಂಗಿಬಿಟ್ರೆ?” ಎಂದು ಅವಳು ಮೊದಲ ದಿನ ಕೇಳಿದ್ದಳು.

“ನುಂಗಿದ್ರೆ ನೀನು ತೇಲಲ್ಲ, ಅಷ್ಟೇ.”

ಅವಳು ಮಾತಿನಮಲ್ಲಿ. ಅವಳು ಒಮ್ಮೆ ಶುರು ಮಾಡಿದರೆ ಒಲೆಯ ಮೇಲಿನ ಅನ್ನವೂ ಕೇಳಿ ಕೇಳಿ ಮುದ್ದೆಯಾಗುತ್ತಿತ್ತು. ಈಗ ಕೆನ್ನೆ ತುಂಬಿಕೊಂಡು ಕೂತರೆ ಹೊತ್ತುಗಟ್ಟಲೆ “ಹ್ಞೂಂ”, “ಉಹ್ಞೂಂ” ಎರಡೇ. ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಅವಳ ತಮ್ಮ ಅದನ್ನು ನೋಡಿ ಹಣೆ ಹಣೆ ಚಚ್ಚಿಕೊಂಡ.

“ಭಾವ, ಈ ಮದ್ದು ಗೊತ್ತಿದ್ದೂ ಇಷ್ಟು ವರ್ಷ ಬಚ್ಚಿಟ್ರಲ್ಲ! ಮದ್ವೆಗೆ ಮುಂಚೆ ಹೇಳಿದ್ರೆ ನಮ್ಮಪ್ಪ ಇನ್ನೂ ಹತ್ತು ವರ್ಷ ಬದುಕ್ತಿದ್ದ.”

ಅಕ್ಕ ಕಾಲಲ್ಲಿ ಒದೆಯಲು ಎದ್ದವಳು ಗೋಡೆ ಹಿಡಿದು ನಿಂತಳು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದಳು. ಅಂಗೈಗೆ ಗುಂಡು ಉಗಿದುಕೊಂಡು, “ಬಗ್ಗಿ ಬಗ್ಗಿ ಹಿಂಗಾಗಿದೆ,” ಎಂದು ಮತ್ತೆ ಬಾಯಿಗೆ ಹಾಕಿಕೊಂಡು ಕೂತಳು.

ಗಂಟಣ್ಣನ ಮುಂದಿನ ಹಲ್ಲೊಂದು ಅಲುಗಾಡತೊಡಗಿದಾಗ ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೈ ಹೋಯಿತು, ಕಾಲು ಹೋಯಿತು, ಈಗ ಇದೊಂದು ಬಾಕಿಯಿತ್ತು. ಅನ್ನ ಅಗಿಯಲಾಗದೆ ಎರಡು ದಿನ ಗಂಜಿ ಕುಡಿದ. ಮೂರನೆಯ ದಿನ ಕಂಡಕ್ಟರ್ ರಜೆ ಹಾಕಿ ಅವನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ.

ಹಲ್ಲಿನ ವಿಭಾಗದ ಮುಂದೆ ಬೆಂಚು ತುಂಬಿ ಜನ ಗೋಡೆಗೆ ಅಂಟಿಕೊಂಡಿದ್ದರು. ಎಲ್ಲರ ಕೈಯೂ ಕೆನ್ನೆಯ ಮೇಲೆ. ಕಂಡಕ್ಟರಿಗೆ ಸುಮ್ಮನೆ ನಿಂತು ಗೊತ್ತಿಲ್ಲ. “ಒಳಗ್ ಹೋಗಿ, ಒಳಗ್ ಹೋಗಿ, ಹಿಂದೆ ಖಾಲಿ ಇದೆ,” ಎಂದು ಅಭ್ಯಾಸಬಲದಿಂದ ಕೂಗಿಬಿಟ್ಟ. ಇಬ್ಬರು ನಿಜವಾಗಿಯೂ ಸರಿದರು. ಗಂಟಣ್ಣನ ಸರದಿ ಬರುವಷ್ಟರಲ್ಲಿ ಅವನ ಕಾಲಿನ ಹತ್ತಿ ಪೂರ್ತಿ ಒದ್ದೆಯಾಗಿತ್ತು. ಕುರ್ಚಿಗೆ ಅವನನ್ನು ಎತ್ತಿಯೇ ಕೂರಿಸಬೇಕಾಯಿತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಅವಳ ಕಣ್ಣಲ್ಲೂ ಬೆಳಗಿನಿಂದ ನೋಡಿದ ಹಲ್ಲುಗಳ ದಣಿವಿತ್ತು. ಬಾಯಿ ಮುಕ್ಕಳಿಸಲು ಲೋಟ ಕೊಟ್ಟಳು. ಲೋಟ ಅವನ ಕೈಯಿಂದ ಜಾರಿ ಬೋಗುಣಿಗೆ ಬಿತ್ತು.

“ಕೈಗೇನಾಗಿದೆ?”

“ಅದು ಬೇರೆ ಡಾಕ್ಟರ್ದು ತಾಯಿ. ನೀವು ಹಲ್ಲು ಕಿತ್ತುಬಿಡಿ ಸಾಕು.”

ಅವಳು ಅವನ ತುಟಿಯನ್ನು ಹೆಬ್ಬೆರಳಿನಿಂದ ಮೇಲೆತ್ತಿದಳು. ದೀಪವನ್ನು ಹತ್ತಿರಕ್ಕೆ ಎಳೆದುಕೊಂಡಳು. ಹಲ್ಲು ಮತ್ತು ವಸಡು ಸೇರುವಲ್ಲಿ, ಮಕ್ಕಳು ಸೀಸದಕಡ್ಡಿಯಿಂದ ಗೀಚಿದ ಹಾಗೆ, ಉದ್ದಕ್ಕೂ ಒಂದು ಕಡುನೀಲಿ ಗೆರೆ ಇತ್ತು. ಮುಂದಿನ ಹಲ್ಲುಗಳ ತುದಿ ಅರ ಹಾಕಿ ತಿಕ್ಕಿದಂತೆ ಸವೆದಿತ್ತು.

“ಏನು ಕಚ್ತೀರಿ?”

“ಯಾರನ್ನೂ ಇಲ್ಲ ತಾಯಿ.”

“ಹಲ್ಲಲ್ಲಿ ಏನು ಕೆಲಸ ಮಾಡ್ತೀರಿ ಅಂತ ಕೇಳ್ದೆ.”

ಕೆಲಸದ ಮಾತು ಬಂದದ್ದೇ ಗಂಟಣ್ಣನ ಮುಖಕ್ಕೆ ಕಳೆ ಬಂತು. ಇಷ್ಟು ಡಾಕ್ಟರುಗಳಲ್ಲಿ ಅದನ್ನು ಕೇಳಿದವಳು ಇವಳೊಬ್ಬಳೇ. ಬಾಯಲ್ಲಿ ಹೇಳಿದರೆ ತಿಳಿಯುವ ಕೆಲಸವೇ ಅದು? ಎಡಗೈಯಿಂದ ಅಂಗಿಯ ಜೇಬು ತಡಕಿದ. ಅವನ ಜೇಬಿನಲ್ಲಿ ಸದಾ ಒಂದೆರಡು ಗುಂಡು ಇದ್ದೇ ಇರುತ್ತಿದ್ದವು. ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡು, ಕೆನ್ನೆಗೆ ಸರಿಸಿ, ನಾಲಗೆಯ ತುದಿಗೆ ತಂದು ಹಲ್ಲಿನ ನಡುವೆ ಹಿಡಿದು ತೋರಿಸಿದ.

“ಉಗೀರಿ!” ಎಂದು ಅವಳು ಕಿರುಚಿದಳು. ಹೊರಗಿನ ಬೆಂಚಿನವರೆಲ್ಲ ಕೆನ್ನೆಯಿಂದ ಕೈ ತೆಗೆದರು.

ಮುಂದಿನದೆಲ್ಲ ಬೇಗ ಬೇಗ ಆಯಿತು. ಅವಳೇ ಅವನನ್ನು ಗಾಲಿಕುರ್ಚಿಯಲ್ಲಿ ಮೇಲಿನ ಮಹಡಿಯ ಹಿರಿಯ ಡಾಕ್ಟರ ಹತ್ತಿರ ತಳ್ಳಿಕೊಂಡು ಹೋದಳು. ಅವರು ವಸಡು ನೋಡಿದರು, ಜೋತುಬಿದ್ದ ಕೈ ನೋಡಿದರು, ರಕ್ತ ತೆಗೆಸಿದರು.

“ರಿಪೋರ್ಟ್ ಬರ್ಲಿ. ಆದ್ರೆ ನಂಗೆ ಅನುಮಾನ ಇಲ್ಲ. ಸೀಸ ವಿಷ ಕಣಯ್ಯ. ಇಷ್ಟು ವರ್ಷ ದಿನಾ ಚೂರು ಚೂರು ಒಳಗೆ ಇಳಿದಿದೆ. ರಕ್ತದಲ್ಲಿದೆ, ಮೂಳೇಲೂ ಇರುತ್ತೆ. ತಲೆಸುತ್ತು, ಕೈಕಾಲು, ಎಲ್ಲಾ ಅದರದ್ದೇ. ನಾಳೆ ಬಂದು ಅಡ್ಮಿಟ್ ಆಗು.”

“ಕೈ ಬರುತ್ತಾ ಸಾರ್?”

“ನಿಧಾನಕ್ಕೆ ಬರಬೋದು. ಮತ್ತೆ ಅದನ್ನ ಬಾಯಿಗೆ ಹಾಕಿದ್ರೆ ಬರಲ್ಲ.”

ಗಂಟಣ್ಣ ಉಸಿರು ಬಿಟ್ಟ. ಕಾಯಿಲೆಗೆ ಒಂದು ಹೆಸರು ಸಿಕ್ಕಿತ್ತು. ತಾನು ಕುಡುಕನಲ್ಲ ಎಂದು ಕಟ್ಟೆಯ ಮೇಲೆ ನಿಂತು ಹೇಳಬಹುದಿತ್ತು. ಅಷ್ಟರಲ್ಲಿ ಡಾಕ್ಟರು ಕನ್ನಡಕ ಒರೆಸುತ್ತ ಕೇಳಿದರು:

“ಮನೇಲಿ ಈ ಕೆಲಸ ಬೇರೆ ಯಾರಾದ್ರೂ ಮಾಡ್ತಾರಾ?”

ಅವನು ಭಾವಮೈದನ ಕಡೆ ನೋಡಿದ. ಕಂಡಕ್ಟರ್ ಆಗಲೇ ಗಾಲಿಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸುತ್ತಿದ್ದ.

ವಾಪಸು ಬರುವಾಗ ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತಿತು. ಇಳಿಯುವವರಿಲ್ಲದ ಕಡೆಯೂ ನಿಂತಿತು. ಗಂಟಣ್ಣ ಮುಂದಿನ ಸೀಟಿನ ಕಂಬಿಗೆ ಹಣೆ ಆನಿಸಿ ಕೂತಿದ್ದ.

ಮನೆಯ ಬಾಗಿಲು ತೆರೆದೇ ಇತ್ತು. ಹೆಂಡತಿ ಬಲೆಯ ನಡುವೆ, ನೀರಿನಲ್ಲಿ ಕೂತವಳ ಹಾಗೆ ಕೂತಿದ್ದಳು. ಅಂಚು ಮುಗಿಯುತ್ತ ಬಂದಿತ್ತು. ಎಡಗೆನ್ನೆ ಉಬ್ಬಿತ್ತು. ಗಂಡನನ್ನು ಕಂಡು ಹುಬ್ಬು ಹಾರಿಸಿದಳು. ಏನಂದ್ರು ಎಂದು.

ಅವನು ಹೊಸ್ತಿಲು ದಾಟಿದ.

“ಹ್ಞೂಂ?” ಎಂದಳು ಮೂಗಿನಲ್ಲೇ, ಕಟಕ್ಕನೆ ಇನ್ನೊಂದನ್ನು ಕಚ್ಚಿ ಕೂರಿಸುತ್ತ. ಹಗ್ಗವನ್ನು ಅವನ ಕಡೆಗೆ ಎತ್ತಿ ಹಿಡಿದಳು. ಒಂದೇ ಅಳತೆ, ಒಂದೇ ಸಾಲು. ಅವನು ಕೂರಿಸಿದಂತೆಯೇ ಇತ್ತು.

ಗೋಡೆ ಹಿಡಿದು, ಬಲೆಗೆ ಕಾಲು ಸಿಕ್ಕದಂತೆ ಹೆಜ್ಜೆಯಿಟ್ಟು, ಗಂಟಣ್ಣ ಅವಳೆದುರು ಬಂದು ಕೂತ.

“ಬಾಯಿ ಬಿಡು.”

ಅವಳ ಕಣ್ಣುಗಳು ನಕ್ಕವು. ಕುಡಿದಿದ್ದೀನಾ ನೋಡಿ ಎನ್ನುವಂತೆ ಮುಖವನ್ನು ಮುಂದೆ ಚಾಚಿದಳು. ಅವನು ಮೂಸಲಿಲ್ಲ. ಬಲಗೈಯನ್ನು ಅವಳ ಗದ್ದದ ಕೆಳಗೆ ಹಿಡಿದ. ಅದು ಜೋತುಬಿತ್ತು. ಎಡಗೈಯಿಂದ ಮಣಿಕಟ್ಟನ್ನು ಎತ್ತಿ ಹಿಡಿದು, ಬೊಗಸೆಯ ಹಾಗೆ ಮಾಡಿದ.

ಅವಳು ಅವನ ಮುಖ ನೋಡಿದಳು, ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡದೆ ನಿಂತ ತಮ್ಮನ ಮುಖ ನೋಡಿದಳು. ಆಮೇಲೆ ನಾಲಗೆಯಿಂದ ಮುಂದಕ್ಕೆ ತಳ್ಳಿದಳು. ಗುಂಡುಗಳು ಒಂದೊಂದಾಗಿ, ಎಂಜಲಿನಲ್ಲಿ ಹೊಳೆಯುತ್ತ ಅವನ ಅಂಗೈಗೆ ಬಿದ್ದವು. ಬೆಚ್ಚಗಿದ್ದವು. ಕೊನೆಯದು ಜಾರಿ ನೆಲಕ್ಕುರುಳಿ ಬಲೆಯ ಒಂದು ಕಣ್ಣಿನಲ್ಲಿ ನಿಂತಿತು.

“ಇನ್ನೂ ಇದ್ಯಾ?”

ಅವಳು ನಾಲಗೆಯಿಂದ ಎರಡೂ ಕೆನ್ನೆ ತಡಕಿ ನೋಡಿ, ಇಲ್ಲವೆಂದು ತಲೆಯಾಡಿಸಿದಳು. ಅವನು ಕೈ ತೆಗೆಯಲಿಲ್ಲ. ಹಾಗೇ ಹಿಡಿದುಕೊಂಡು ಕೂತಿದ್ದ.