ಕೈಯಿಂದ ತಿಂದರೆ

ಚಿಕ್ಕಪ್ಪ ಹಗ್ಗ ಹಿಡಿದು ಎಳೆಯುತ್ತಿದ್ದ, ಟಗರು ನಾಲ್ಕೂ ಕಾಲು ನೆಲಕ್ಕೆ ಊರಿ ನಿಂತಿತ್ತು. ಎಳೆದಷ್ಟೂ ಅದರ ಕುತ್ತಿಗೆ ಉದ್ದವಾಯಿತೇ ಹೊರತು ಕಾಲು ಅಲುಗಲಿಲ್ಲ. ಅಣ್ಣನನ್ನು ಮಣ್ಣು ಮಾಡಿ ಬಂದ ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಆ ಕಾಲಲ್ಲೇ ಅವನು ಹಿತ್ತಲಿಗೆ ನುಗ್ಗಿದ್ದ.

"ಬಿಡಿ ಚಿಕ್ಕಪ್ಪ, ಕುತ್ತಿಗೆ ಕಿತ್ತು ಬಂದೀತು," ಎಂದಳು ಮಗಳು, ಬಾಗಿಲಲ್ಲಿ ನಿಂತು.

"ಬಂದ್ರೆ ಒಳ್ಳೇದೇ ಆಯ್ತಲ್ಲ, ಒಂದು ಕೆಲಸ ಉಳೀತು," ಎಂದ ಚಿಕ್ಕಪ್ಪ. ಹೇಳಿದ ಮೇಲೆ ತನಗೇ ನಾಚಿಕೆಯಾಗಿ ಹಗ್ಗ ಸಡಿಲ ಬಿಟ್ಟ. "ಮುಂದೆ ಅಷ್ಟು ಜನ ಕೂತಿದಾರೆ ಕಣಮ್ಮ. ಮಾಂಸದಂಗಡಿಯವನ ಸಾವಿಗೆ ಹೋಗಿ ಸೊಪ್ಪು ತಿಂದು ಬಂದ್ವಿ ಅಂತ ಊರೆಲ್ಲ ಆಡ್ಕೊಳ್ಳುತ್ತೆ."

ಮುಂದೆ ಅಂಗಡಿ, ನಡುವೆ ಮನೆ, ಹಿಂದೆ ಹಿತ್ತಲು. ಅಪ್ಪನ ಆಯುಷ್ಯವೆಲ್ಲ ಈ ಮೂರರ ನಡುವೆಯೇ ಓಡಾಡಿ ಮುಗಿಯಿತು. ಅವನದೊಂದು ಕಟ್ಟಳೆಯಿತ್ತು. ತಂದ ಪ್ರಾಣಿಯನ್ನು ಹಿತ್ತಲಲ್ಲಿ ಬಿಡುತ್ತಿದ್ದ. ಅದು ತಾನಾಗಿ ಬಂದು ಅವನ ಕೈಯಿಂದ ತಿನ್ನುವವರೆಗೆ ಚೂರಿ ಮುಟ್ಟುತ್ತಿರಲಿಲ್ಲ. ತಿನ್ನಿಸಿದ ಕೈಯೇ ಕೊಯ್ಯಬೇಕು, ಬೇರೆಯವರು ಕೂಡದು. ಕೆಲವು ಎರಡೇ ದಿನಕ್ಕೆ ಒಲಿಯುತ್ತಿದ್ದವು, ಕೆಲವು ವಾರಗಟ್ಟಲೆ ಸತಾಯಿಸುತ್ತಿದ್ದವು. ಒಂದು ಮೇಕೆಯಂತೂ ಬಲು ಗಟ್ಟಿಗಿತ್ತಿ, ಅಪ್ಪನ ಕೈಯತ್ತ ಕೊನೆಯವರೆಗೂ ಮೂತಿ ಚಾಚದೆ ಮುದಿಯಾಗಿ ಹಿತ್ತಲಲ್ಲೇ ಸತ್ತಿತು.

ಈ ಟಗರು ಹೋದ ವಾರ ಒಲಿದಿತ್ತು. ನಾಳೆ ಕೊಯ್ಯುತ್ತೇನೆ ಎಂದು ಅಪ್ಪ ಮೊನ್ನೆ ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಕಟ್ಟಳೆಯ ಪ್ರಕಾರ ಅದು ಸಾಯಬೇಕಾದದ್ದೇ. ಅದೇ ಕಟ್ಟಳೆಯ ಪ್ರಕಾರ ಅದನ್ನು ಕೊಲ್ಲುವ ಹಕ್ಕಿನವರು ಈಗ ಯಾರೂ ಇಲ್ಲ. ಮಗಳಿಗೆ ತಲೆ ಕೆಟ್ಟು ಹೋಗಿತ್ತು. ಚಿಕ್ಕಪ್ಪ ಹೇಳಿದ್ದು ಸರಿ ಅನ್ನಿಸುತ್ತಿತ್ತು, ಟಗರಿನ ಮುಖ ನೋಡಿದರೆ ಅದನ್ನು ಬಿಡುವುದೂ ಸರಿ ಅನ್ನಿಸುತ್ತಿತ್ತು. ಅಪ್ಪನನ್ನು ಅವನ ರೀತಿಯಲ್ಲೇ ಕಳಿಸಿಕೊಡಬೇಕು ಎಂಬುದೊಂದೇ ಅವಳಿಗೆ ಗಟ್ಟಿಯಾಗಿ ಗೊತ್ತಿದ್ದದ್ದು. ಆ ರೀತಿ ಯಾವುದು ಎಂಬುದೇ ಗೊತ್ತಿರಲಿಲ್ಲ.

ಮುಂದಿನ ಕೋಣೆಗೆ ಬಂದು, ಅಪ್ಪ ಏನು ಮಾಡುತ್ತಿದ್ದ ಎಂದು ಕೂತವರನ್ನು ಕೇಳಿದಳು. ಕೇಳಬಾರದಿತ್ತು.

"ಅವರಿದ್ದಿದ್ರೆ ಕೊಯ್ದು ಎಲ್ಲರಿಗೂ ಬಡಿಸ್ತಿದ್ರು," ಎಂದ ಹೋಟೆಲಿನ ಅಡುಗೆಯವನು. ಇಷ್ಟು ವರ್ಷ ಈ ಅಂಗಡಿಯ ಮಾಂಸವನ್ನೇ ಬೇಯಿಸಿದವನು. ಇವತ್ತು ಕರೆಯದೆಯೇ ಬಂದು ಒಲೆ ಹೊತ್ತಿಸಿದ್ದ.

"ಅವರಿದ್ದಿದ್ರೆ, ಬಿಡ್ರಪ್ಪ ಅದರ ಪಾಡಿಗೆ ಅದನ್ನ, ಅಂತಿದ್ರು," ಎಂದ ಪಕ್ಕದ ಮನೆಯ ಟೈಲರ್.

"ಅವರಿದ್ದಿದ್ರೆ ನಾವ್ಯಾಕೆ ಇಲ್ಲಿ ಕೂತಿರ್ತಿದ್ವಿ?" ಎಂದು ಹಿಂದಿನಿಂದ ಬಂದ ಚಿಕ್ಕಪ್ಪ ಸಿಡುಕಿದ.

ಟೈಲರ್ ಗಂಟಲು ಸರಿಮಾಡಿಕೊಂಡ. "ನಮ್ಮನೇಲಿ ಎಷ್ಟು ಜನ ಅಂತ ಕೇಳಿ, ಬೇಕಾದ್ದಕ್ಕಿಂತ ಒಂದು ಹಿಡಿ ಕಮ್ಮೀನೇ ತೂಗೋರು. ತಟ್ಟೇಲಿ ಉಳಿದ್ರೆ ಅದು ಎರಡು ಸಲ ಸತ್ತ ಹಾಗೆ ಕಣಯ್ಯ, ಅನ್ನೋರು."

"ನನಗೆ ಹೇಳ್ತೀಯಾ? ಉಳಿದ ಸಾರು ಒಂದ್ಸಲ ಚರಂಡಿಗೆ ಸುರಿದೆ ಅಂತ ವರ್ಷವಿಡೀ ನನಗೆ ಮಾಂಸ ಕೊಡಲಿಲ್ಲ. ಒಡಹುಟ್ಟಿದವನಿಗೆ!"

"ಮತ್ತೇನ್ ಮಾಡಿದ್ರಿ?"

"ಪಕ್ಕದ ಬೀದೀಲಿ ತಗೊಂಡೆ." ಚಿಕ್ಕಪ್ಪ ಕಾಲಿನ ಕೆಸರು ಕೆರೆದುಕೊಂಡ. ಆಮೇಲೆ, "ರುಚಿ ಇರಲಿಲ್ಲ," ಎಂದ.

* * *

ಬಹಳ ವರ್ಷದ ಹಿಂದಿನ ಮಾತು, ಮಗಳು ಆಗ ಸ್ಕೂಲಿಗೆ ಹೋಗುವ ಹುಡುಗಿ. ಕಂದು ಬಣ್ಣದ ಕುರಿಯೊಂದು ಅಪ್ಪನ ಅಂಗೈಯನ್ನು ನೆಕ್ಕುವುದನ್ನು ಸಂಜೆ ನೋಡಿದ್ದಳು. ಮರುದಿನ ಊಟಕ್ಕೆ ಕೂತಾಗ ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು.

"ಅದು ನಿನ್ನ ನಂಬಿತ್ತಲ್ಲಪ್ಪ."

ಅಪ್ಪ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. ಬೈಯುತ್ತಾನೆ ಅಂದುಕೊಂಡಿದ್ದಳು, ಬೈಯಲಿಲ್ಲ.

"ನಂಬದೇ ಇದ್ದದ್ದನ್ನ ಹಿಡಿದ್ರೆ ಅದು ಹೆದರಿ ಸಾಯುತ್ತೆ ಕಣೇ. ಹೆದರಿಸಿ ಕೊಲ್ಲೋದಾ, ನಂಬಿಸಿ ಕೊಲ್ಲೋದಾ? ಯಾವುದು ವಾಸಿ, ನೀನೇ ಹೇಳು."

"ಕೊಲ್ಲದೇ ಇರೋದು."

"ಅದು ನಿನಗಾಯ್ತು. ತಿನ್ನೋರು ಇದಾರಲ್ಲ, ಅವರಿಗೆ ಯಾರಾದ್ರೂ ಕೊಯ್ಯಲೇಬೇಕಲ್ಲ? ನಾನಲ್ಲದಿದ್ರೆ ಹೆದರಿಸಿ ಕೊಯ್ಯೋನು ಒಬ್ಬ ಬರ್ತಾನೆ."

ಅವಳು ತಟ್ಟೆಯನ್ನು ಮತ್ತೆ ಹತ್ತಿರ ಎಳೆಯಲಿಲ್ಲ. ಅಂದಿನಿಂದ ಮಾಂಸ ಬಿಟ್ಟಳು. ಅಪ್ಪ ಒಂದು ದಿನವೂ ತಿನ್ನು ಎನ್ನಲಿಲ್ಲ, ಆದರೆ ಪ್ರತಿ ಊಟದಲ್ಲೂ ಅವಳ ತಟ್ಟೆಯ ಕಡೆ ಒಮ್ಮೆ ನೋಡುತ್ತಿದ್ದ. ಬೆಳೆದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿದ ಮೇಲೆ, ಮಕ್ಕಳ ತೋಳು ಸವರಿ "ಏನೂ ಆಗಲ್ಲ ಪುಟ್ಟ" ಎಂದು ಸೂಜಿ ಚುಚ್ಚುವಾಗ ಅವಳಿಗೆ ಅಪ್ಪನ ಕೈ ನೆನಪಾಗುತ್ತಿತ್ತು. ಅದನ್ನು ಅವನಿಗೆ ಹೇಳಬೇಕು ಅಂದುಕೊಂಡಿದ್ದಳು, ಹೇಳಲಿಲ್ಲ.

* * *

ಅಮ್ಮ ಒಳಗೆ ಮಂಚದ ಮೇಲೆ ಕೂತು ಅಪ್ಪನ ಅಂಗಿಗಳನ್ನು ಮಡಚುತ್ತಿದ್ದಳು, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತಳು.

"ಅಮ್ಮ, ಕೊಯ್ದ ದಿನ ಅಪ್ಪ ಹೇಗಿರ್ತಿದ್ದ? ಒಳಗೊಳಗೇ ನೋಯ್ತಿದ್ನಾ?"

"ನೋವಾ?" ಅಮ್ಮ ಅಳುವಿನ ನಡುವೆಯೂ ನಕ್ಕುಬಿಟ್ಟಳು. "ಹೊಟ್ಟೆ ತುಂಬ ಉಂಡು ಗೊರಕೆ ಹೊಡೀತಿದ್ರು. ಬೀದಿಗೆಲ್ಲ ಕೇಳೋದು. ನೀನೇನೇನೋ ಅಂದ್ಕೊಂಡಿದ್ರೆ ಅದೆಲ್ಲ ಸುಳ್ಳು ಕಣೇ."

ಮಗಳಿಗೆ ಇನ್ನಷ್ಟು ಗೊಂದಲವಾಯಿತು. ಅಪ್ಪ ಅಳುತ್ತಿದ್ದ ಎಂದಿದ್ದರೆ ಒಂದು ದಾರಿ, ಕಲ್ಲೆದೆಯವನು ಎಂದಿದ್ದರೆ ಇನ್ನೊಂದು ದಾರಿ. ಅಕ್ಕರೆಯಿಂದ ತಿನ್ನಿಸಿ, ಕೊಯ್ದು, ಉಂಡು, ನೆಮ್ಮದಿಯಾಗಿ ನಿದ್ದೆ ಮಾಡಿದವನನ್ನು ಯಾವ ಲೆಕ್ಕಕ್ಕೆ ಸೇರಿಸುವುದು?

ಅಷ್ಟರಲ್ಲಿ ಚಿಕ್ಕಪ್ಪ ಬಾಗಿಲಿಗೆ ಬಂದ. "ಏನ್ ತೀರ್ಮಾನ ಆಯ್ತು? ಅಡುಗೆಯವನು ಯಾವ ಪಾತ್ರೆ ಇಡ್ಲಿ, ಮಾಂಸದ್ದಾ ತರಕಾರೀದಾ ಅಂತ ಕೇಳ್ತಿದಾನೆ."

ಅವಳಿಗೆ ಥಟ್ಟನೆ ಉಪಾಯ ಹೊಳೆಯಿತು. ಅಪ್ಪ ಹೋದಾಗಿನಿಂದ ಟಗರು ಯಾರ ಕೈಯಿಂದಲೂ ಒಂದು ಎಲೆ ತಿಂದಿರಲಿಲ್ಲ. ಬೆಳಿಗ್ಗೆ ಅವಳೇ ಹೋಗಿ ಬೇಡಿಕೊಂಡಿದ್ದಳು, ಮುಖ ತಿರುಗಿಸಿತ್ತು.

"ಅಪ್ಪನ ಕಟ್ಟಳೆ ಇದೆಯಲ್ಲ ಚಿಕ್ಕಪ್ಪ. ನಿಮ್ಮ ಕೈಯಿಂದ ತಿನ್ನಲಿ. ತಿಂದ್ರೆ ನೀವೇ ಕೊಯ್ಯಿರಿ, ನಾನು ಅಡ್ಡ ಬರಲ್ಲ. ತಿನ್ನದಿದ್ರೆ ತರಕಾರಿ."

"ಮಾತು ಮಾತೇ ತಾನೇ?"

"ಮಾತೇ."

ಜಾಣೆ ಎಂದು ತನ್ನನ್ನೇ ಮೆಚ್ಚಿಕೊಂಡು ಅವಳು ತಟ್ಟೆ ತೊಳೆಯಲು ಹೋದಳು. ಬೇಡ ಎಂದು ಹೇಳುವ ಕಷ್ಟವನ್ನು ಟಗರಿನ ತಲೆಗೆ ಕಟ್ಟಿ ಕೈ ತೊಳೆದುಕೊಂಡಿದ್ದಳು.

ಎಷ್ಟು ಹೊತ್ತಾದರೂ ಚಿಕ್ಕಪ್ಪ ಬರಲಿಲ್ಲ. ಕೈ ಒರೆಸಿಕೊಂಡು ಹಿತ್ತಲಿಗೆ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಗೋಡೆಯ ಬಳಿ ಅಪ್ಪ ನಿಂತಿದ್ದ. ಅಪ್ಪನಲ್ಲ, ಚಿಕ್ಕಪ್ಪ. ಮೈಮೇಲಿನ ಒಳ್ಳೆಯ ಬಟ್ಟೆಗೆ ರಕ್ತ ಸಿಡಿದೀತೆಂದು ಅಂಗಡಿಯ ಮೊಳೆಯಲ್ಲಿ ತೂಗುತ್ತಿದ್ದ ಅಣ್ಣನ ಕೆಲಸದ ಕೋಟು ತೊಟ್ಟಿದ್ದ. ಅದೇ ಭುಜ, ಅದೇ ಬೆನ್ನು. ಟಗರು ಅವನ ಅಂಗೈಯಿಂದ ಸೊಪ್ಪು ತಿನ್ನುತ್ತಿತ್ತು. ಎರಡು ದಿನದ ಹಸಿವು, ಗಬಗಬನೆ ತಿನ್ನುತ್ತಿತ್ತು.

ಚಿಕ್ಕಪ್ಪ ಕೈ ಚಾಚಿಕೊಂಡೇ ಸಣ್ಣ ದನಿಯಲ್ಲಿ ಬೇಡುತ್ತಿದ್ದ: "ತಿನ್ನಬೇಡ ಮಾರಾಯ. ನಾನು ಅವನಲ್ಲ. ತಿನ್ನಬೇಡ ಅಂದ್ನಲ್ಲ."

ಟಗರು ಕೊನೆಯ ಎಲೆಯನ್ನೂ ಮುಗಿಸಿ, ಕೋಟನ್ನು ಮೂಸಿ, ಹಣೆಯನ್ನು ಅವನ ಹೊಟ್ಟೆಗೆ ಒತ್ತಿ ನಿಂತುಬಿಟ್ಟಿತು. ಚಿಕ್ಕಪ್ಪ ಅವಳನ್ನು ಕಂಡ. ಮಣ್ಣು ಮಾಡುವಾಗಲೂ ಒದ್ದೆಯಾಗದ ಕಣ್ಣು ಈಗ ಧಾರಾಕಾರ ಸುರಿಯುತ್ತಿತ್ತು. ಇನ್ನೊಂದು ಕೈಯ ಚೂರಿಯನ್ನು ಎಲ್ಲಿಡಬೇಕೆಂದು ತಿಳಿಯದೆ ತಲೆಯ ಮೇಲೆ ಎತ್ತಿ ಹಿಡಿದಿದ್ದ.

"ತಿಂತಲ್ಲಮ್ಮ," ಎಂದ. "ತಿಂದುಬಿಡ್ತು. ಈಗೇನ್ ಮಾಡ್ಲಿ?"

ಅಪ್ಪನಾಗಿದ್ದರೆ ಕೊಯ್ಯುತ್ತಿದ್ದ, ಉಂಡು ಗೊರಕೆ ಹೊಡೆಯುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಅವಳು ಕೊಟ್ಟ ಮಾತೂ ಇತ್ತು. ಹತ್ತಿರ ಹೋಗಿ ಅವನ ಕೈಯಿಂದ ಚೂರಿ ತೆಗೆದುಕೊಂಡಳು.

"ಅದು ತಿಂದದ್ದು ಅಪ್ಪನ ಕೈಯಿಂದ, ಚಿಕ್ಕಪ್ಪ. ಅಪ್ಪ ಇಲ್ಲ ಅಂತ ಅದಕ್ಕೆ ಯಾರೂ ಹೇಳಿಲ್ಲ."

"ಅಕ್ಕಾ, ಯಾವ ಪಾತ್ರೆ ಇಡ್ಲಿ?" ಎಂದು ಒಳಗಿನಿಂದ ಅಡುಗೆಯವನು ಕೂಗಿದ.

ಅವಳು ಗೋಡೆಗೆ ಒರಗಿಸಿದ್ದ ಸೊಪ್ಪಿನ ಕಂತೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅಪ್ಪನ ಚೂರಿ ಅವಳು ಎಣಿಸಿದ್ದಕ್ಕಿಂತ ಹರಿತವಾಗಿತ್ತು. ಸೋಕಿಸಿದ್ದೇ ತಡ ಕಂತೆಗೆ ಕಟ್ಟಿದ್ದ ಹುರಿ ತುಂಡಾಗಿ, ಸೊಪ್ಪೆಲ್ಲ ಟಗರಿನ ಕಾಲ ಬಳಿ ಹರಡಿಕೊಂಡಿತು.